ಆಟಿಸಂ ಇರುವ ಮಗುವಿಗೆ ಯಾವ ಶಾಲೆ? ಊರ ಶಾಲೆ, ಇಂಗ್ಲಿಷ್ ಶಾಲೆ, ವಿಶೇಷ ಶಾಲೆ, ಮನೆಪಾಠಗಳ ಒಂದು ಹೋಲಿಕೆ

ಏಪ್ರಿಲ್ ತಿಂಗಳು ಬಂದರೆ ಮೂರ್ನಾಲ್ಕು ತಾಯಂದಿರಾದರೂ ನನಗೆ ಫೋನ್ ಮಾಡುತ್ತಾರೆ. ಒಬ್ಬರದು ಜಮಖಂಡಿ, ಇನ್ನೊಬ್ಬರದು ಸಿಂದಗಿ, ಮತ್ತೊಬ್ಬರದು ಗೋಕಾಕ. ಕೇಳುವುದು ಮಾತ್ರ ಒಂದೇ: “ಅಕ್ಕಾ, ನಮ್ಮ ಹುಡುಗನನ್ನು ಯಾವ ಶಾಲೆಗೆ ಹಾಕೋಣ?” ನಾನು ಬಾಗಲಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ನಡೆಸುತ್ತೇನೆ. ವಿಜಯಪುರದಲ್ಲಿರುವ ನನ್ನ ತಂಗಿಯ ಮಗನಿಗೆ ಆಟಿಸಂ ಇದೆ. ಅವನಿಗೆ ನಾಲ್ಕು ತುಂಬುವ ಹೊತ್ತಿಗೆ ನಮಗೆ ಗೊತ್ತಾಯಿತು, ಈಗ ಹತ್ತು ವರ್ಷ. ಈ ಆರು ವರ್ಷಗಳಲ್ಲಿ ಅವನು ಮೂರು ಬಗೆಯ ಶಾಲೆ ಕಂಡಿದ್ದಾನೆ, ಅವನ ಜೊತೆ ನಾವೂ ಕಂಡಿದ್ದೇವೆ. ಫೋನಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ತಾಯಂದಿರು ಶಾಲೆಯ ಹೆಸರು ಕೇಳುತ್ತಾರೆ, ನಾನು ಮಗುವಿನ ದಿನಚರಿ ಕೇಳುತ್ತೇನೆ. ಬೆಳಿಗ್ಗೆ ಎದ್ದಾಗಿನಿಂದ ಅವನು ಯಾವುದಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನೆ? ಬೇಕಾದದ್ದನ್ನು ಹೇಗೆ ಕೇಳುತ್ತಾನೆ, ಮಾತಿನಲ್ಲೋ, ಕೈ ಹಿಡಿದು ಎಳೆದೊಯ್ದೋ? ಹೊಸ ಜಾಗದಲ್ಲಿ ಎಷ್ಟು ಹೊತ್ತು ಕುಳಿತಾನು? ಶೌಚಕ್ಕೆ ಹೋಗಬೇಕೆಂದು ತಿಳಿಸುತ್ತಾನೆಯೇ? ಇವಕ್ಕೆ ಉತ್ತರ ಸಿಕ್ಕರೆ ಶಾಲೆಯ ಅರ್ಧ ಆಯ್ಕೆ ಮುಗಿದಂತೆ. ಆಟಿಸಂ ಇರುವ ಇಬ್ಬರು ಮಕ್ಕಳು ಒಂದೇ ಥರ ಇರುವುದಿಲ್ಲ. ಪಕ್ಕದ ಮನೆಯವರ ಮಗುವಿಗೆ ಒಗ್ಗಿದ ಶಾಲೆ ನಿಮ್ಮ ಮಗುವಿಗೆ ಒಗ್ಗಲೇಬೇಕೆಂದಿಲ್ಲ.

ಊರ ಸರ್ಕಾರಿ ಶಾಲೆ

ಇದನ್ನು ಮೊದಲು ಇಟ್ಟದ್ದು ನಾನು ಅಲ್ಲಿ ಸಂಬಳ ತೆಗೆದುಕೊಳ್ಳುತ್ತೇನೆಂದು ಅಲ್ಲ. ಬಹಳಷ್ಟು ಪಾಲಕರು ಇದನ್ನು ನೋಡುವ ಮೊದಲೇ ಕೈಬಿಡುತ್ತಾರೆ, ಅದಕ್ಕೆ. “ಅಷ್ಟು ಮಕ್ಕಳ ನಡುವೆ ನಮ್ಮದನ್ನು ಯಾರು ನೋಡುತ್ತಾರೆ” ಎನ್ನುತ್ತಾರೆ. ನಮ್ಮ ಹಳ್ಳಿಗಳ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದು ತರಗತಿಗೆ ಹತ್ತು ಹನ್ನೆರಡು ಮಕ್ಕಳೂ ಇರುವುದಿಲ್ಲ. ನಗರದ ಹೆಸರುವಾಸಿ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ನಲವತ್ತೈದು ಮಕ್ಕಳು ಕುಳಿತಿರುತ್ತಾರೆ. ಮಕ್ಕಳನ್ನು ಎಣಿಸಿ, ಆಮೇಲೆ ಮಾತನಾಡಿ.

ಒಂದರಿಂದ ಮೂರನೇ ತರಗತಿಯವರೆಗಿನ ನಲಿಕಲಿ ಪದ್ಧತಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯನ್ನು ಆಟಿಸಂ ಇರುವ ಮಕ್ಕಳಿಗಾಗಿ ಮಾಡಿದ್ದಲ್ಲ. ಆದರೂ ಅದರ ಒಳಗಿನ ಎಷ್ಟೋ ಸಂಗತಿಗಳು ಇವರಿಗೆಂದೇ ಮಾಡಿದಂತಿವೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಅದೇ ಗುರುತಿನ ಕಾರ್ಡು ಬುಟ್ಟಿಯಲ್ಲಿ. ಮಗು ತಾನು ಎಲ್ಲಿದ್ದೇನೆ, ಮುಂದೆ ಏನು ಎಂಬುದನ್ನು ಕಣ್ಣಿನಿಂದಲೇ ತಿಳಿದುಕೊಳ್ಳುತ್ತದೆ. ಕಿವಿಯಿಂದ ಬಂದದ್ದಕ್ಕಿಂತ ಕಣ್ಣಿನಿಂದ ಬಂದದ್ದನ್ನು ಬೇಗ ಹಿಡಿಯುವ ಮಗುವಿಗೆ ಇದು ದೊಡ್ಡ ಆಸರೆ. ಪಕ್ಕದವನು ಇಪ್ಪತ್ತನೇ ಮೆಟ್ಟಿಲಿನಲ್ಲಿದ್ದರೂ ಇವನು ಎಂಟರಲ್ಲೇ ಇರಬಹುದು, ಯಾರೂ ಓಡಿಸುವುದಿಲ್ಲ. ಮಕ್ಕಳು ಕುಳಿತುಕೊಳ್ಳುವ ಗುಂಪುಗಳಿಗೆ ನಲಿಕಲಿಯಲ್ಲಿ ‘ತಟ್ಟೆ’ ಎನ್ನುತ್ತೇವೆ, ಅವು ಐದು. ಶಿಕ್ಷಕರ ಪೂರ್ಣ ಸಹಾಯದ ತಟ್ಟೆಯಿಂದ ಹಿಡಿದು ಸ್ವಕಲಿಕೆಯ ತಟ್ಟೆಯವರೆಗೆ. ಇಂಥ ಮಗುವಿಗೆ ಮೊದಲ ಕೆಲವು ತಿಂಗಳು ಶಿಕ್ಷಕರ ಪಕ್ಕದ ತಟ್ಟೆಯೇ ಕಾಯಂ ಜಾಗ ಆಗಲಿ ಎಂದು ನೀವು ಕೇಳಬಹುದು. ನಾವು ಹಾಗೆ ಮಾಡುತ್ತೇವೆ.

ಇದೇ ತರಗತಿಯ ದೊಡ್ಡ ತೊಂದರೆ ಗದ್ದಲ. ಒಂದು ಗುಂಪು ಹಾಡುತ್ತಿರುತ್ತದೆ, ಇನ್ನೊಂದು ಕಲ್ಲು ಎಣಿಸುತ್ತಿರುತ್ತದೆ. ಶಬ್ದಕ್ಕೆ ನಲುಗುವ ಮಗು ಮೊದಲ ವಾರವೇ ಮೂಲೆ ಸೇರಬಹುದು.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನಿಗೆ ಪಾಠದಲ್ಲಿ ಯಾವ ಕಷ್ಟವೂ ಇರಲಿಲ್ಲ, ಕಷ್ಟವಿದ್ದದ್ದು ಊಟದ ಹೊತ್ತಿನಲ್ಲಿ. ಅಕ್ಷರ ದಾಸೋಹದ ಗಂಟೆ ಬಾರಿಸಿದ ಕೂಡಲೇ ನೂರು ಸ್ಟೀಲ್ ತಟ್ಟೆಗಳು ಒಮ್ಮೆಲೇ ಸದ್ದು ಮಾಡುತ್ತವೆ. ಸಾಂಬಾರಿನ ಒಗ್ಗರಣೆಯ ವಾಸನೆ, ನಲ್ಲಿಯ ಹತ್ತಿರ ನೂಕಾಟ, ಸಾಲಿನಲ್ಲಿ ಬೆನ್ನಿಗೆ ತಾಗುವ ಮೊಣಕೈ. ಅವನು ಎರಡೂ ಕಿವಿ ಮುಚ್ಚಿಕೊಂಡು ಗೇಟಿನ ಕಡೆ ಓಡುತ್ತಿದ್ದ. “ಓಡಿಹೋಗುವ ಚಟ” ಎಂದು ಎಲ್ಲರೂ ಅಂದುಕೊಂಡಿದ್ದೆವು, ನಾನೂ ಅಂದುಕೊಂಡಿದ್ದೆ. ಒಂದು ದಿನ ಅಡುಗೆಯ ಅಮ್ಮನವರೇ ಹೇಳಿದರು, “ಗಂಟೆಗಿಂತ ಮೊದಲೇ ಅವನಿಗೆ ಬಡಿಸಿಬಿಡುತ್ತೇನೆ ಟೀಚರ್, ಬೇವಿನ ಗಿಡದ ಕೆಳಗೆ ಕುಳಿತು ಉಣ್ಣಲಿ.” ಐದು ನಿಮಿಷ ಮುಂಚೆ ಊಟ, ಜೊತೆಗೆ ಅವನೇ ಆರಿಸಿಕೊಂಡ ಒಬ್ಬ ಗೆಳೆಯ. ಗೇಟಿನ ಓಟ ಹತ್ತೇ ದಿನದಲ್ಲಿ ನಿಂತಿತು. ಇದಕ್ಕೆ ಅನುದಾನ ಬೇಕಾಗಲಿಲ್ಲ, ತಜ್ಞರೂ ಬೇಕಾಗಲಿಲ್ಲ. ಹುಡುಗನನ್ನು ಗಮನವಿಟ್ಟು ನೋಡಿದ ಒಬ್ಬರು ಬೇಕಾಗಿದ್ದರು.

ತಜ್ಞರ ಸಹಾಯ ಬೇಡವೆಂದಲ್ಲ, ಬೇಕೇ ಬೇಕು. ಸರ್ಕಾರಿ ಶಾಲೆಯಲ್ಲಿ ಅದು ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ಬರುತ್ತದೆ. ಅಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ನಾವೆಲ್ಲ ಬಿ.ಐ.ಇ.ಆರ್.ಟಿ. ಎನ್ನುತ್ತೇವೆ. ಒಬ್ಬೊಬ್ಬರ ಮೇಲೂ ಇಡೀ ತಾಲ್ಲೂಕಿನ ಹೊರೆ ಇರುವುದರಿಂದ ನಿಮ್ಮ ಶಾಲೆಗೆ ಅವರು ಬರುವ ದಿನ ಅಪರೂಪ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ನಿಗದಿ ಮಾಡಿದೆ. ನಮ್ಮ ತಾಲ್ಲೂಕುಗಳು ಆ ಲೆಕ್ಕದಿಂದ ಬಹಳ ದೂರ ಇವೆ, ಇದು ನನಗೆ ಪ್ರತಿ ವರ್ಷವೂ ನೋವು ಕೊಡುವ ಸಂಗತಿ. ಅಷ್ಟಾದರೂ ಅವರ ಹೆಸರು, ಅವರು ಬರುವ ದಿನ ನಿಮ್ಮ ಬಳಿ ಇರಲಿ. ಕೇಳುವ ಪಾಲಕರಿದ್ದ ಶಾಲೆಗೆ ಅವರು ಹೆಚ್ಚು ಸಲ ಬರುತ್ತಾರೆ ಎನ್ನುವುದು ನಾನು ಕಣ್ಣಾರೆ ಕಂಡದ್ದು.

ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ

ನನ್ನ ತಂಗಿ ಮೊದಲು ಹಾಕಿದ್ದು ಇಂಥ ಒಂದು ಶಾಲೆಗೆ. ಹೆಸರು ಬೇಡ. ಪ್ರವೇಶದ ದಿನ ಎಲ್ಲರೂ ನಕ್ಕು ಮಾತನಾಡಿಸಿದರು. ಎರಡನೇ ತಿಂಗಳಿಂದ ದಿನವೂ ಡೈರಿಯಲ್ಲಿ ಒಂದು ಸಾಲು: ಮಗು ಕುಳಿತುಕೊಳ್ಳುವುದಿಲ್ಲ, ಮಗು ಬರೆಯುವುದಿಲ್ಲ. ಮೂರನೇ ತಿಂಗಳು “ಹನ್ನೊಂದು ಗಂಟೆಗೇ ಬಂದು ಕರೆದುಕೊಂಡು ಹೋಗಿ” ಎಂದರು. ಅರ್ಧ ವರ್ಷ ಕಳೆಯುವಷ್ಟರಲ್ಲಿ “ಬೇರೆ ಶಾಲೆ ನೋಡಿಕೊಂಡರೆ ನಿಮಗೇ ಒಳ್ಳೆಯದು” ಎಂಬ ಮಾತು ಬಂತು. ತಂಗಿ ಆ ಡೈರಿಯನ್ನು ಇನ್ನೂ ಇಟ್ಟುಕೊಂಡಿದ್ದಾಳೆ.

ಎಲ್ಲ ಖಾಸಗಿ ಶಾಲೆಗಳೂ ಹೀಗಿರುವುದಿಲ್ಲ. ಬೆಳಗಾವಿಯಲ್ಲಿ ಸ್ವಂತ ವಿಶೇಷ ಶಿಕ್ಷಕಿಯನ್ನು ಇಟ್ಟುಕೊಂಡ ಒಂದು ಶಾಲೆಯನ್ನು ನೋಡಿ ನಾನು ಬಹಳ ಸಂತೋಷಪಟ್ಟಿದ್ದೇನೆ. ಅಂಥ ಕಡೆ ಕೋಣೆ ಚೊಕ್ಕಟ, ಶೌಚಾಲಯದಲ್ಲಿ ನೀರು, ಮಗುವಿನ ಜೊತೆ ಕೂರಲು ನೆರಳು ಶಿಕ್ಷಕಿಯನ್ನು ಇಡಲು ಅನುಮತಿ, ಎಲ್ಲವೂ ಸಿಗುತ್ತದೆ. ನೆರಳು ಶಿಕ್ಷಕಿಯ ಸಂಬಳ ಸಾಮಾನ್ಯವಾಗಿ ಪಾಲಕರ ತಲೆಗೇ ಬರುತ್ತದೆ, ಇದನ್ನು ಪ್ರವೇಶದ ದಿನವೇ ಬಾಯಿಬಿಟ್ಟು ಕೇಳಿ. ನೋಟ್ಸ್ ಬರೆಯುವುದು, ವಾರದ ಪರೀಕ್ಷೆ, ಮೂರು ಭಾಷೆಗಳ ಹೋಂವರ್ಕ್ ಎಂಬ ಓಟವೂ ಅಲ್ಲಿ ಜೋರು. ಪೆನ್ಸಿಲ್ ಹಿಡಿಯಲು ಬೆರಳೇ ಬಗ್ಗದ ಮಗುವಿಗೆ ಅದೊಂದು ದಿನನಿತ್ಯದ ಶಿಕ್ಷೆ. ಬರೆಯುವ ಬದಲು ಬಾಯಲ್ಲಿ ಹೇಳಿದರೆ, ತೋರಿಸಿದರೆ, ಜೋಡಿಸಿದರೆ ಒಪ್ಪುತ್ತೀರಾ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರ ಇಡೀ ಶಾಲೆಯ ಮನಸ್ಸನ್ನು ಹೇಳಿಬಿಡುತ್ತದೆ.

ಕಾನೂನು ನಿಮ್ಮ ಪರವಾಗಿದೆ ಎಂಬುದೂ ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆ ಮಾಡುವಂತಿಲ್ಲ, ಎಂಟನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಅವಕಾಶವಂಚಿತ ಗುಂಪಿನಲ್ಲಿ ಸೇರಿಸಿತು, ಆದ್ದರಿಂದ ಈ ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಮೀಸಲಿಡುವ ಶೇ 25ರ ಉಚಿತ ಸೀಟಿಗೆ ಅವರೂ ಅರ್ಹರು. ಆದರೆ ಕರ್ನಾಟಕದಲ್ಲಿ 2019ರ ನಿಯಮ ತಿದ್ದುಪಡಿಯ ನಂತರ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಯಲ್ಲಿ ಆ ಸೀಟು ದೊರೆಯುವುದಿಲ್ಲ. ನಮ್ಮ ಕಡೆ ಸರ್ಕಾರಿ ಶಾಲೆ ಇಲ್ಲದ ವಾರ್ಡು ಎಲ್ಲಿದೆ? ಆ ಸೀಟನ್ನು ನಂಬಿಕೊಂಡು ಒಂದು ವರ್ಷ ಕಳೆದುಕೊಳ್ಳಬೇಡಿ.

ವಿಶೇಷ ಶಾಲೆ

ಡೈರಿಯ ಆ ವರ್ಷ ಮುಗಿದ ಮೇಲೆ ನಮ್ಮ ಹುಡುಗ ಒಂದೂವರೆ ವರ್ಷ ವಿಶೇಷ ಶಾಲೆಗೆ ಹೋದ. ಒಪ್ಪಿಕೊಳ್ಳಲು ಮನೆಯಲ್ಲಿ ಎಷ್ಟು ಅತ್ತೆವೆಂದರೆ, ಈಗ ನೆನೆದರೆ ಆ ಕಣ್ಣೀರು ಬೇಕಿರಲಿಲ್ಲ ಅನಿಸುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವ ಮೊದಲು ಚಿತ್ರದ ಕಾರ್ಡು ತೋರಿಸುವುದು, “ಬೇಡ” ಎಂದು ಕಿರುಚದೆ ತಿಳಿಸುವುದು, ಇವನ್ನೆಲ್ಲ ಅವನು ಕಲಿತದ್ದು ಅಲ್ಲಿ. ಅಲ್ಲಿ ಯಾರೂ ಅವನನ್ನು ಅವಸರ ಮಾಡಲಿಲ್ಲ.

ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ವಿಶೇಷ ಶಾಲೆ ಎಂದರೆ ಹೆಚ್ಚಾಗಿ ಬುದ್ಧಿಮಾಂದ್ಯ ಮಕ್ಕಳಿಗೆ, ಇಲ್ಲವೇ ಕಿವುಡ ಮತ್ತು ಅಂಧ ಮಕ್ಕಳಿಗೆ ತೆರೆದವು. ಹಲವನ್ನು ಸಂಸ್ಥೆಗಳು ನಡೆಸುತ್ತವೆ. ಆಟಿಸಂ ಇರುವ ಮಗುವನ್ನು ಬೌದ್ಧಿಕ ನ್ಯೂನತೆಯ ಮಕ್ಕಳ ಜೊತೆ ಕೂರಿಸುವುದೇ ವಾಡಿಕೆ. ಇಬ್ಬರ ಅಗತ್ಯವೂ ಒಂದೇ ಅಲ್ಲ. ಆದ್ದರಿಂದ ಎರಡು ವಿಷಯ ವಿಚಾರಿಸಿ. ಮೊದಲನೆಯದು, ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಮತ್ತು ಅವರ ತರಬೇತಿ ಯಾವ ನ್ಯೂನತೆಯದು? ಪ್ರಮಾಣಪತ್ರದಲ್ಲೇ ಅದು ಬರೆದಿರುತ್ತದೆ, ಕೇಳಲು ಸಂಕೋಚ ಬೇಡ. ಎರಡನೆಯದು, ಇಲ್ಲಿಂದ ಕಳೆದ ಮೂರು ವರ್ಷಗಳಲ್ಲಿ ಎಷ್ಟು ಮಕ್ಕಳು ಸಾಮಾನ್ಯ ಶಾಲೆಗೆ ಹೋಗಿದ್ದಾರೆ? ಒಬ್ಬರೂ ಹೋಗಿಲ್ಲವೆಂದರೆ ಅಲ್ಲಿ ಮಗುವನ್ನು ಮುಂದಕ್ಕೆ ಕಳಿಸುವ ಯೋಚನೆಯೇ ಇಲ್ಲವೆಂದು ನಾನು ತಿಳಿಯುತ್ತೇನೆ.

ಇನ್ನೊಂದು ಅಡ್ಡಿ ದೂರ. ಇಂಥ ಶಾಲೆಗಳು ಜಿಲ್ಲಾ ಕೇಂದ್ರದಲ್ಲೋ ದೊಡ್ಡ ತಾಲ್ಲೂಕು ಊರಲ್ಲೋ ಇರುತ್ತವೆ. ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯ ತಾಯಿ ಮಗನನ್ನು ದಿನವೂ ಎರಡು ಬಸ್ ಬದಲಿಸಿ ಕರೆದೊಯ್ಯುತ್ತಿದ್ದರು. ಹೋಗಲು ಎರಡು ತಾಸು, ಬರಲು ಎರಡು ತಾಸು. ಬಸ್ಸಿನ ಹಾರ್ನು, ಬಿಸಿಲು, ನೂಕುನುಗ್ಗಲು ಸಹಿಸಿ ಶಾಲೆ ಮುಟ್ಟುವಷ್ಟರಲ್ಲಿ ಮಗು ದಣಿದು ಹೋಗಿರುತ್ತಿತ್ತು, ಕಲಿಯಲು ಏನೂ ಉಳಿಯುತ್ತಿರಲಿಲ್ಲ. ಪ್ರಯಾಣ ಒಂದು ತಾಸು ದಾಟಿದರೆ ಎಷ್ಟೇ ಒಳ್ಳೆಯ ವಿಶೇಷ ಶಾಲೆಯಾದರೂ ನಾನು ಬೇಡವೆನ್ನುತ್ತೇನೆ. ವಸತಿಶಾಲೆಯ ಸಲಹೆ ಕೊಡುವವರಿದ್ದಾರೆ. ತನಗೇನಾಯಿತೆಂದು ಬಾಯಿಬಿಟ್ಟು ಹೇಳಲಾಗದ ಏಳೆಂಟು ವರ್ಷದ ಮಗುವನ್ನು ರಾತ್ರಿ ಬೇರೆಯವರ ಕೈಗೆ ಒಪ್ಪಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಮನೆಯಲ್ಲೇ ಕಲಿಕೆ

ತೀವ್ರ ಅಥವಾ ಬಹುವಿಧ ನ್ಯೂನತೆ ಇರುವ ಮಗುವಿಗೆ ಗೃಹಾಧಾರಿತ ಶಿಕ್ಷಣ ಪಡೆಯುವ ಹಕ್ಕಿದೆ. ಹೆಸರು ಊರ ಶಾಲೆಯಲ್ಲಿರುತ್ತದೆ, ಶಿಕ್ಷಕರು ಮನೆಗೆ ಬರುತ್ತಾರೆ. ಅವರು ಬರುವ ದಿನ ಕಡಿಮೆ, ಮಿಕ್ಕ ದಿನ ತಾಯಿಯೇ ಶಿಕ್ಷಕಿ. ಮೂರ್ಛೆ ರೋಗವೂ ಜೊತೆಗಿದ್ದು ಶಾಲೆಗೆ ಕಳಿಸಲಾಗದಿದ್ದರೆ ಇದು ಸರಿ. ಆದರೆ “ಶಾಲೆಯಲ್ಲಿ ತೊಂದರೆ ಕೊಡುತ್ತಾನೆ, ಮನೆಯಲ್ಲೇ ಇರಲಿ” ಎಂದು ಶಾಲೆಯವರೇ ಇದನ್ನು ಸೂಚಿಸಿದರೆ ಒಪ್ಪಬೇಡಿ. ಅದರ ಬದಲು ದಿನಕ್ಕೆ ಒಂದು ತಾಸಿನಿಂದ ಶುರು ಮಾಡಿ ಎಂದು ಕೇಳಿ. ಮೊದಲ ವಾರ ಪ್ರಾರ್ಥನೆ ಮುಗಿದ ಮೇಲೆ ಬಂದು ಹಾಲು ಕುಡಿದು ಹೋಗಲಿ, ಮುಂದಿನ ವಾರ ಇನ್ನರ್ಧ ತಾಸು. ತಂಗಿಯ ಮಗ ಊರ ಶಾಲೆಗೆ ಕಾಲಿಟ್ಟದ್ದು ಹೀಗೆಯೇ. ಪೂರ್ತಿ ದಿನ ಕೂರಲು ಅವನಿಗೆ ಐದು ತಿಂಗಳು ಹಿಡಿಯಿತು.

ಹೈಸ್ಕೂಲಿನ ಹೊತ್ತಿಗೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯೂ ಇದೆ. ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳಿದ್ದು, ಒಂದೊಂದೇ ವಿಷಯ ಬರೆದು ಹತ್ತನೆಯದನ್ನು ಮುಗಿಸಬಹುದು. ಎಸ್.ಎಸ್.ಎಲ್.ಸಿ.ಗೇ ಕೂರಿಸುವುದಾದರೆ ಬರೆಯುವ ಸಹಾಯಕ, ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳಿವೆ. ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಮೊದಲೇ ಅರ್ಜಿ ಹೋಗಬೇಕು. ಒಂಬತ್ತನೇ ತರಗತಿಯಲ್ಲೇ ಇದನ್ನು ವಿಚಾರಿಸಿ.

ಯಾವ ಮಾಧ್ಯಮ?

ಬೆಳಗಾವಿಯವರಿಗೆ ಈ ಪ್ರಶ್ನೆ ಹೆಚ್ಚು ಕಾಡುತ್ತದೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕಾರ್ಟೂನಿನಲ್ಲಿ ಹಿಂದಿ. ಮಾತು ತಡವಾದರೆ “ಮನೆಯಲ್ಲಿ ಒಂದೇ ಭಾಷೆ ಆಡಿ, ಅದೂ ಇಂಗ್ಲಿಷ್” ಎಂದು ಸಲಹೆ ಕೊಡುವವರು ಸಿಗುತ್ತಾರೆ. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲ ಎಂದು ಇದರ ಬಗ್ಗೆ ನಡೆದ ಅಧ್ಯಯನಗಳು ತೋರಿಸಿವೆ. ಅಜ್ಜಿ ಮುದ್ದು ಮಾಡುವ ಭಾಷೆಯನ್ನು ಮನೆಯಿಂದ ಹೊರಗೆ ಹಾಕಬೇಡಿ. ಶಾಲೆಗೆ ಮಾತ್ರ ಮಗು ಈಗಾಗಲೇ ಅರ್ಥ ಮಾಡಿಕೊಳ್ಳುವ ಭಾಷೆಯನ್ನೇ ಆರಿಸಿ. “ಕುಳಿತುಕೋ”, “ನೀರು ಬೇಕಾ”, “ಸಾಕು” ಎಂಬುದು ತಿಳಿದಿರುವ ಕಡೆ ಅದು ಕಡಿಮೆ ಅಳುತ್ತದೆ.

ಶಾಲೆ ನೋಡಲು ಹೋಗುವುದು ಮಧ್ಯಾಹ್ನ

ಪ್ರವೇಶದ ಕೌಂಟರಿನಲ್ಲಿ ಎಲ್ಲ ಶಾಲೆಗಳೂ ಒಳ್ಳೆಯವೇ. ಊಟದ ಹೊತ್ತಿಗೆ ಅಥವಾ ಬಿಡುವಿನ ಹೊತ್ತಿಗೆ ಹೋಗಿ ಒಂದು ಗಂಟೆ ನಿಲ್ಲಿ. ಗೇಟು ಮುಚ್ಚಿರುತ್ತದೆಯೇ, ಬಾವಿ ಅಥವಾ ತೆರೆದ ನೀರಿನ ತೊಟ್ಟಿ ಇದೆಯೇ, ರಸ್ತೆ ಎಷ್ಟು ಹತ್ತಿರ ನೋಡಿ. ಇಂಥ ಮಕ್ಕಳಲ್ಲಿ ಹಲವರು ನೀರಿನ ಕಡೆಗೆ ಎಳೆಯಲ್ಪಡುತ್ತಾರೆ, ಕೃಷ್ಣಾ, ಘಟಪ್ರಭಾ ಕಾಲುವೆಗಳ ಪಕ್ಕದ ಊರುಗಳಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ. ತಗಡಿನ ಛಾವಣಿಯ ಕೋಣೆಯೇ? ನಮ್ಮ ಕಡೆಯ ಬಿಸಿಲಿನಲ್ಲಿ ಬೆವರು, ಒರಟು ಸಮವಸ್ತ್ರ, ಬಿಗಿ ಬೂಟು ಸೇರಿದರೆ ಅದೊಂದೇ ಸಾಕು ಮಗು ಕೈ ಮೀರಲು. ಹಳೆಯ ಮೆತ್ತನೆಯ ಹತ್ತಿ ಅಂಗಿಗೆ ಒಪ್ಪುವ ಮುಖ್ಯೋಪಾಧ್ಯಾಯರು ಸಿಕ್ಕರೆ ಅವರನ್ನು ಬಿಡಬೇಡಿ.

ಪ್ರವಾಸದ ದಿನ ಏನು ಮಾಡುತ್ತೀರಿ ಎಂದೂ ಕೇಳಿ. ನಮ್ಮ ಹುಡುಗನ ಶಾಲೆಯವರು ಗೋಳಗುಮ್ಮಟಕ್ಕೆ ಹೊರಟರು. ಮೇಲೆ ಒಂದು ಸಲ ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರುದನಿ ಬರುವ ಜಾಗ, ಅಲ್ಲಿ ನೂರು ಮಕ್ಕಳು ಒಟ್ಟಿಗೆ ಕೂಗುತ್ತಾರೆ. “ಅವನು ಬೇಡ” ಎನ್ನುವುದು ಸುಲಭವಿತ್ತು. ಅವನ ಸರ್ ಹಾಗೆನ್ನದೆ ಹಿಂದಿನ ದಿನವೇ ತಂಗಿಯಿಂದ ಗುಮ್ಮಟದ ಫೋಟೊ ತೋರಿಸಿದರು. ಮಕ್ಕಳೆಲ್ಲ ಮೇಲೆ ಹತ್ತಿದಾಗ ಇವನು ಒಬ್ಬ ಗೆಳೆಯನ ಜೊತೆ ಹೊರಗಿನ ಹುಲ್ಲುಹಾಸಿನಲ್ಲಿ ಕುಳಿತು ಮಿನಾರುಗಳ ಅಂತಸ್ತು ಎಣಿಸಿದ. ಏಳು ಎಂದು ಮನೆಗೆ ಬಂದು ಹೇಳಿದ. ಯಾರೂ ಕೇಳದೆ ತಾನಾಗಿ ಬಂದು ಅವನು ಹೇಳಿದ ಮೊದಲ ಶಾಲೆಯ ಸುದ್ದಿ ಅದು.

ಕಾಗದಪತ್ರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಮಾಡಿಸುವುದನ್ನು ಮುಂದೂಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಆಟಿಸಂ ಒಂದು. ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರವಾದರೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಎರಡರಲ್ಲಿ ಯಾವುದು ಎಂಬ ಆಯ್ಕೆ ನಿಮ್ಮದು, ಅಧಿಕಾರಿಗಳದ್ದಲ್ಲ. ಮೊದಲ ತಪಾಸಣೆಗೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿ. ಮುಂದಿನದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಮಾತಿನ ಬಗ್ಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬಾಗಲಕೋಟೆಯಿಂದ ಬಸವ ಎಕ್ಸ್‌ಪ್ರೆಸ್ ನೇರವಾಗಿ ಮೈಸೂರಿಗೇ ಹೋಗುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನ ಅರ್ಜಿ ತುಂಬಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚಿಗೆ ಅವಕಾಶವಿದೆ.

ಹಾಗಾದರೆ ಯಾವುದು?

ಮಗು ತನ್ನ ಅಗತ್ಯವನ್ನು ಯಾವುದಾದರೂ ರೀತಿಯಲ್ಲಿ ತಿಳಿಸುತ್ತದೆ, ಶೌಚದ ಅಭ್ಯಾಸವಾಗಿದೆ, ಹತ್ತು ನಿಮಿಷವಾದರೂ ಒಂದು ಕೆಲಸದಲ್ಲಿ ತೊಡಗುತ್ತದೆ ಎಂದಾದರೆ ಮನೆಗೆ ಹತ್ತಿರದ, ಮಕ್ಕಳು ಕಡಿಮೆ ಇರುವ ಊರ ಶಾಲೆಯನ್ನೇ ನಾನು ಹೇಳುತ್ತೇನೆ. ಖಾಸಗಿಗೆ ಹೋಗುವುದಾದರೆ ವಿಶೇಷ ಶಿಕ್ಷಕಿ ಇದ್ದು, ಬರವಣಿಗೆಯಲ್ಲಿ ಸಡಿಲಿಕೆ ಕೊಡುವ ಶಾಲೆಗೆ ಮಾತ್ರ ಹೋಗಿ. ಅಗತ್ಯ ತಿಳಿಸುವುದೇ ಇನ್ನೂ ಬಂದಿಲ್ಲ, ದಿನವೂ ತನ್ನನ್ನೇ ಹೊಡೆದುಕೊಳ್ಳುವ ಮಟ್ಟಕ್ಕೆ ಕಷ್ಟಪಡುತ್ತಿದೆ ಎಂದಾದರೆ, ಒಂದು ತಾಸಿನೊಳಗೆ ಒಳ್ಳೆಯ ವಿಶೇಷ ಶಾಲೆ ಇದ್ದರೆ, ಒಂದೆರಡು ವರ್ಷ ಅಲ್ಲಿ ಇರಲಿ. ಆಗಲೂ ಊರ ಶಾಲೆಯ ಮಕ್ಕಳ ಜೊತೆ ಶನಿವಾರದ ಆಟವಾದರೂ ಇರಲಿ. ಶಾಲೆ ಬದಲಿಸಬೇಕಾಗಿ ಬಂದರೆ ಸೋತೆವೆಂದು ಕೊರಗಬೇಡಿ. ನಮ್ಮ ಹುಡುಗ ವಿಶೇಷ ಶಾಲೆಯಲ್ಲಿ ಕಾರ್ಡು ತೋರಿಸಲು ಕಲಿತದ್ದರಿಂದಲೇ ಊರ ಶಾಲೆಯಲ್ಲಿ ಕುಳಿತ.

ಯಾವ ಶಾಲೆಯಾದರೂ ಸರಿ, ಇದೊಂದನ್ನು ಮೇ ತಿಂಗಳಲ್ಲೇ ಮಾಡಿ ಇಟ್ಟುಕೊಳ್ಳಿ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯ ದಪ್ಪ ಕಾಗದದಲ್ಲಿ ಬೆಂಕಿಪೊಟ್ಟಣದ ಅಳತೆಯ ಆರು ತುಂಡು ಕತ್ತರಿಸಿ. ಪ್ರಾರ್ಥನೆ, ಪಾಠ, ಹಾಲು, ಆಟ, ಊಟ, ಮನೆ ಎಂದು ಚಿತ್ರ ಬರೆಯಿರಿ. ದಾರದಲ್ಲಿ ಪೋಣಿಸಿ ಬೆಂಚಿಗೆ ಕಟ್ಟಲು ಕೊಡಿ. ಒಂದೊಂದು ಮುಗಿದಾಗ ಮಗು ಒಂದೊಂದನ್ನು ಮಗುಚುತ್ತದೆ. “ಮನೆ”ಯ ಚಿತ್ರ ಕೊನೆಗೆ ಇದ್ದೇ ಇದೆ ಎಂದು ಕಣ್ಣೆದುರು ಕಾಣುವುದು ಅದಕ್ಕೆ ಎಷ್ಟು ಧೈರ್ಯ ಎಂಬುದನ್ನು ನೀವೇ ನೋಡುತ್ತೀರಿ.

ಶಾಲೆ ಶುರುವಾಗುವ ಮೊದಲ ವಾರ, ಅಂಗಳ ಖಾಲಿ ಇರುವಾಗ, ಮುಖ್ಯೋಪಾಧ್ಯಾಯರಿಗೆ ಹೇಳಿ ಮಗುವನ್ನು ಕರೆದುಕೊಂಡು ಹೋಗಿ. ಕೋಣೆ, ಬೆಂಚು, ಶೌಚಾಲಯ, ನಲ್ಲಿ ತೋರಿಸಿ. ನಮ್ಮ ಹುಡುಗನಿಗೆ ಅವನ ಸರ್ ಗಂಟೆಯ ಕೋಲನ್ನೇ ಕೈಗೆ ಕೊಟ್ಟಿದ್ದರು. ಅವನು ಒಂದು ಸಲ ಮೆಲ್ಲಗೆ ತಟ್ಟಿ, ಸದ್ದು ನಿಲ್ಲುವವರೆಗೆ ಆ ಕಬ್ಬಿಣದ ತುಂಡಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಆಮೇಲೆ ಇನ್ನೊಂದು ಸಲ ತಟ್ಟಿದ.